ಹಿಂದಿನ ಸೀಟಿನ ತೂಕ

ಭಾವನ ಹಳೆಯ ಪುಟ್ಟ ಕಾರನ್ನು ಜ್ಯಾಕಿನ ಮೇಲೆತ್ತಿ, ಹಿಂದಿನ ಚಕ್ರ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟಾಗ ಮೆಕ್ಯಾನಿಕ್‌ಗೆ ಎದುರಾದದ್ದು ತನ್ನದೇ ಹಳೆಯ ಕೈಚಳಕ. ಹರೆಯದಲ್ಲಿ ಭಾವನಿಗೆ ರೇಸಿನ ಹುಚ್ಚು. "ಹಿಂಭಾಗ ನೆಲಕ್ಕಂಟಿ ಕೂರ್ಬೇಕು ಕಣೋ ಸ್ಪ್ಯಾನರ್ ಪಂಡಿತ" ಎಂದು ಹೆಂಡತಿಯ ತಮ್ಮನ ಬೆನ್ನು ಬಿದ್ದಿದ್ದರು. ಈ ಜಾತಿಯ ಕಾರಿಗೆ ಸ್ಪ್ರಿಂಗಿನ ಜಾಗದಲ್ಲಿ ದಪ್ಪ ರಬ್ಬರ್ ಇರುತ್ತದೆ. ಅದನ್ನು ಒತ್ತುವ ದಂಡವನ್ನು ಗಿಡ್ಡ ಮಾಡಿ ಕಾರು ತಗ್ಗಿಸಿ, ಕಲ್ಲಿನಂಥ ಶಾಕ್ ಅಬ್ಸಾರ್ಬರ್ ಕೂರಿಸಿದವನು ಇವನೇ. ಆಗ ಇಬ್ಬರ ಬೆನ್ನೂ ಗಟ್ಟಿಯಿತ್ತು. ಈಗ ರಬ್ಬರೂ ವಯಸ್ಸಾಗಿ ಕಲ್ಲಾಗಿತ್ತು.

ಕಾಯಿಲೆ ಭಾವನ ಬೆನ್ನುಮೂಳೆಗೇ ಇಳಿದಿತ್ತು. ವಾರವಾರವೂ ಆಸ್ಪತ್ರೆ; ಅಕ್ಕ ಓಡಿಸುವುದು, ಅವರು ಹಿಂದಿನ ಸೀಟಿನಲ್ಲಿ ಒರಗುವುದು. ಕಳೆದ ಸಲ ಕಾರು ರಸ್ತೆಯ ಹಂಪಿನ ಮೇಲೆ ಕುಕ್ಕಿದಾಗ ಭಾವ ಕೂಗಿದ ಕೂಗಿಗೆ ಅಕ್ಕ ನಡುರಸ್ತೆಯಲ್ಲೇ ಎಂಜಿನ್ ಆರಿಸಿ ಅತ್ತುಬಿಟ್ಟಳಂತೆ. ಅಂದಿನಿಂದ ಭಾವನದು ಒಂದೇ ಹಟ, ಇನ್ನು ಆಸ್ಪತ್ರೆಗೆ ಬರುವುದಿಲ್ಲ. ಬೇರೆ ಗಾಡಿ ತರಿಸೋಣವೆಂದರೆ, "ಸ್ವಂತ ಕಾರಿಟ್ಕೊಂಡು ಕಂಡವರ ಗಾಡೀಲಿ ಹೆಣದ ಹಾಗೆ ಹೋಗ್ಲಾ?" ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಹೇಗಾದ್ರೂ ಮೆತ್ತಗೆ ಮಾಡ್ಕೊಡೋ," ಎಂದಿದ್ದಳು ಅಕ್ಕ, ಗ್ಯಾರೇಜಿನ ಗೋಡೆಗೆ ಒರಗಿ. "ನಾಳೆ ತಪ್ಪಿಸಿದ್ರೆ ಡಾಕ್ಟ್ರೂ ಕೈ ಚೆಲ್ತಾರೆ. ನಂಗಂತೂ ಸಾಕು ಸಾಕಾಗಿದೆ." ಮಾತು ಮುಗಿಯುವಷ್ಟರಲ್ಲಿ ನಿಂತಲ್ಲೇ ಅವಳ ಕಣ್ಣು ಮುಚ್ಚಿತ್ತು.

ರಬ್ಬರ್ ಕಿತ್ತು, ಈಚೆಗೆ ಮಾರುಕಟ್ಟೆಗೆ ಬಂದಿರುವ ಸುರುಳಿ ಸ್ಪ್ರಿಂಗ್ ಹಾಕಿದ. ಶಾಕ್ ಅಬ್ಸಾರ್ಬರ್ ಬದಲಿಸಿದ. ಕೂರುವವರ ತೂಕದಷ್ಟು ಮರಳಿನ ಮೂಟೆಯನ್ನು ಸೀಟಿನಲ್ಲಿಟ್ಟು ಸ್ಪ್ರಿಂಗ್ ಆರಿಸಿ, ಎತ್ತರ ಹೊಂದಿಸುವುದು ಅವನ ಪದ್ಧತಿ. ಖಾಲಿ ಕಾರನ್ನು ನಂಬಬಾರದು ಎನ್ನುತ್ತಿದ್ದ. ಭಾವನ ತೂಕವನ್ನು ಯಾರನ್ನೂ ಕೇಳಲಿಲ್ಲ. ಹಿಂದೊಮ್ಮೆ ಅವರು ಕೂತು ಮುರಿದ ಕುರ್ಚಿ ಇನ್ನೂ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿತ್ತು. ಆ ಆಳಿಗೆ ತಕ್ಕ ಮೂಟೆಗಳನ್ನೇ ಹೊತ್ತು ತಂದಿಟ್ಟ. ಸೊಂಟ ಹಿಡಿದುಕೊಂಡಿತು.

ಬೆಳಿಗ್ಗೆ ಕಂಬಳಿ ಸುತ್ತಿದ ಭಾವನನ್ನು ಅಕ್ಕನೇ ಆನಿಸಿಕೊಂಡು ತಂದು ಕೂರಿಸಿದಳು; ಇವನು ಬಾಗಿಲು ಹಿಡಿದಿದ್ದ. "ಇದೊಂದು ಸಲ ನೋಡ್ತೀನಿ, ಅಷ್ಟೆ," ಎಂದರು ಭಾವ. ಅಭ್ಯಾಸಬಲದಿಂದ ಮೆಕ್ಯಾನಿಕ್ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ನೋಡಿದ. ಹೆಚ್ಚುಕಡಿಮೆ ಖಾಲಿ ಕಾರಿನಲ್ಲಿದ್ದಷ್ಟೇ ಇತ್ತು. ಕಾರು ಕುಸಿಯಲೇ ಇಲ್ಲ.

ಹೊಸ ಸ್ಪ್ರಿಂಗ್, ಓಡುತ್ತಾ ಸರಿಹೋದೀತು ಎಂದುಕೊಂಡು ಅಕ್ಕನ ಪಕ್ಕ ಕೂತ. ಬೀದಿಯ ಕೊನೆಯ ಹಂಪು ದಾಟಿದರು. ಭಾವ ಕೂಗಿದರು.

"ಸಾಕು. ಮನೆಗೆ ತಿರುಗಿಸು."

ಅಕ್ಕ ಸ್ಟೀರಿಂಗಿಗೆ ಹಣೆಯಿಟ್ಟಳು. ಮೆಕ್ಯಾನಿಕ್ ಇಳಿದು, ಸೊಂಟನೋವನ್ನು ನುಂಗಿಕೊಂಡು ಕಾರಿನಡಿ ತೂರಿದ. ಎಲ್ಲೂ ಏನೂ ಸಿಕ್ಕಿಕೊಂಡಿರಲಿಲ್ಲ. ಎದ್ದು ಬಂದವನು ಕಿಟಕಿಯಿಂದ, ಸರಿದ ಕಂಬಳಿಯ ಕೆಳಗಿನ ಮೊಣಕಾಲುಗಳನ್ನು ಮೊದಲ ಸಲ ನೋಡಿದ. ಇಷ್ಟು ದಿನವೂ ಅವರನ್ನು ಹೊದ್ದು ಮಲಗಿದಾಗ ಮಾತ್ರ ಕಂಡಿದ್ದ.

"ಸ್ಪ್ರಿಂಗ್ ಸರಿಯಾಗಿದೆ ಭಾವ," ಎಂದ. "ಮೇಲೆ ಭಾರ ಸಾಲದು, ಅದು ಬಗ್ತಿಲ್ಲ."

ಭಾವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಯಾವ ಆಳಿಗೆ ಹಾಕ್ದೆ ಪಂಡಿತ?"

"ಕುರ್ಚಿ ಮುರಿದ ಆಳಿಗೆ."

ಭಾವ ನಕ್ಕರು, ನಕ್ಕದ್ದಕ್ಕೂ ನೋವಾಯಿತು. "ಅವನು ಹೋಗಿ ಎಷ್ಟು ಕಾಲ ಆಯ್ತೋ."

"ಮೂಟೆ ತಂದು ಪಕ್ಕಕ್ಕಿಡ್ಲಾ?"

"ಮರಳಿನ ಜೊತೆ ಸಂಸಾರ ಮಾಡ್ಲಾ?"

ಅವನು ಅಕ್ಕನ ಕಡೆಯ ಬಾಗಿಲು ತೆರೆದ. "ಅಕ್ಕ, ಹಿಂದೆ ಕೂತ್ಕೋ. ನಾನು ಓಡಿಸ್ತೀನಿ."

"ನಾನೇನು ಮೂಟೇನಾ?" ಎಂದಳು. ಆದರೂ ಇಳಿದು ಗಂಡನ ಪಕ್ಕ ಕೂತಳು. ಹಿಂಭಾಗ ಮೆಲ್ಲಗೆ ತಗ್ಗಿತು. ಈ ಕಾಯಿಲೆ ಶುರುವಾದ ಮೇಲೆ ಆ ಕಾರಿನಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತದ್ದು ಅದೇ ಮೊದಲು.

ಮುಂದಿನ ಹಂಪಿಗೆ ಮೆಕ್ಯಾನಿಕ್ ಉಸಿರು ಬಿಗಿಹಿಡಿದ. ಹಿಂದೆ ಸದ್ದಿಲ್ಲ. ಇನ್ನೊಂದು ಹಂಪು ಬಂತು, ಆಗಲೂ ಸದ್ದಿಲ್ಲ. ಗೆದ್ದೆ ಎಂದುಕೊಂಡು ಕನ್ನಡಿಯಲ್ಲಿ ನೋಡಿದ. ಅಕ್ಕ ಗಂಡನ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಕೊರಡಿನಂತೆ ನಿದ್ದೆ ಹೋಗಿದ್ದಳು. ಭಾವ ಕಂಬಳಿಯ ಅಂಚು ಕಚ್ಚಿ ಹಿಡಿದಿದ್ದರು. ಹಣೆಯೆಲ್ಲ ಬೆವರು.

"ತುಂಬಾ ನೋವಾ ಭಾವ?"

"ಮೆಲ್ಲಗೆ ಮಾತಾಡು. ಮೊದಲಿಗಿಂತ ವಾಸಿ."

ಆಸ್ಪತ್ರೆಯ ಗೇಟು ಬಂತು. ಅವನು ಬ್ರೇಕಿನ ಮೇಲೆ ಕಾಲಿಟ್ಟಾಗ ಹಿಂದಿನಿಂದ ಕೈಯೊಂದು ಬಂದು ಅವನ ಭುಜ ಮುಟ್ಟಿತು. ಭಾರವೇ ಇಲ್ಲದ ಕೈ.

"ಇನ್ನೂ ಹೊತ್ತಿದೆ," ಎಂದು ಪಿಸುಗುಟ್ಟಿದರು ಭಾವ. "ಇನ್ನೊಂದು ಸುತ್ತು ಹಾಕು. ಮಲಗಿದ್ದಾಳೆ."