ಪಕ್ಕದ ಕೌಂಟರ್

ಶಾಲೆಗಳಿಗೆ ಹೋಗಿ ಮಕ್ಕಳಿಗೆ ಬ್ಯಾಂಕ್ ಖಾತೆಗಳ ಬಗ್ಗೆ ಹೇಳಿಕೊಡಬೇಕು ಎಂದು ಮ್ಯಾನೇಜರ್ ಅಂದದ್ದೇ ತಡ, ನಮ್ಮ ಶಾಖೆಯಲ್ಲಿ ಎಲ್ಲರಿಗೂ ಒಮ್ಮೆಲೇ ತಲೆನೋವು, ಸೊಂಟನೋವು ಶುರುವಾಯಿತು. ನಾನೊಬ್ಬಳೇ ಕೈ ಎತ್ತಿದೆ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಜಗಳಕ್ಕಲ್ಲದೆ ಬೇರೆ ಯಾವುದಕ್ಕೂ ನಾನು ಕೈ ಎತ್ತಿದ್ದನ್ನು ಪಾಪ ಅವರು ಕಂಡವರಲ್ಲ.

"ಗುಡ್ಡದ ಮೇಲಿನ ಶಾಲೆ ನಂಗೆ ಬಿಡಿ ಸಾರ್," ಎಂದೆ. "ಏಳನೇ ಕ್ಲಾಸು."

ಏಳನೇ ಕ್ಲಾಸಿನಲ್ಲಿ ನನ್ನ ಮಗಳಿದ್ದಾಳೆ. ನಾನೂ ಅವಳಪ್ಪನೂ ಬೇರೆಯಾದಾಗ "ನಾನು ಅಪ್ಪನ ಹತ್ರಾನೇ ಇರ್ತೀನಿ" ಎಂದವಳು, ಬರಬರುತ್ತಾ ನನ್ನ ಫೋನಿಗೂ ಬರುವುದನ್ನು ನಿಲ್ಲಿಸಿದಳು. ಮಾಡಿದಾಗಲೆಲ್ಲ ಅವಳ ಅಜ್ಜಿಯೇ ಎತ್ತಿ, "ಓದ್ತಾ ಇದಾಳಮ್ಮ" ಎನ್ನುತ್ತಾರೆ. ಅಷ್ಟೆಲ್ಲ ಓದಿದ್ದರೆ ಇಷ್ಟು ಹೊತ್ತಿಗೆ ಕಾಲೇಜೇ ಮುಗಿಯಬೇಕಿತ್ತು! ಅವಳ ಬಾಯಿಂದ ಒಂದೇ ಒಂದು ಸಲ "ಅಮ್ಮ" ಎಂದು ಕೇಳಬೇಕು, ನನಗಿದ್ದ ಆಸೆ ಇಷ್ಟೇ. ಅದಕ್ಕಾಗಿ ಖಾತೆಯೇನು, ಬೇಕೆಂದರೆ ಮಗ್ಗಿಯನ್ನೂ ಕಲಿಸುತ್ತಿದ್ದೆ.

ಕ್ಲಾಸಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು "ನಮಸ್ತೇ ಮೇಡಂ" ಎಂದು ರಾಗ ಎಳೆದರು. ಕಿಟಕಿ ಪಕ್ಕದ ಬೆಂಚಿನಿಂದ ಅವಳೂ ಎದ್ದಳು. ಅವಳ ತುಟಿಯೂ "ಮೇಡಂ" ಎಂದೇ ಆಡಿತು. ಎಷ್ಟು ಉದ್ದ ಬೆಳೆದುಬಿಟ್ಟಿದ್ದಾಳೆ! ಜಡೆ ಹೋಗಿ ಕೂದಲು ಕಿವಿಯವರೆಗೆ ಬಂದಿತ್ತು. ಕತ್ತರಿಸುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಹೊಟ್ಟೆ ಉರಿಯಿತು. ಕಣ್ಣಲ್ಲಿ ಕಣ್ಣಿಡಲು ನೋಡಿದೆ. ಅವಳು ಕಿಟಕಿಯಾಚೆ ತಿರುಗಿಕೊಂಡಳು.

ಸರಿ, ಬಂದ ಕೆಲಸ ಮಾಡಲೇಬೇಕಲ್ಲ. ಬೋರ್ಡಿನ ನಡುವೆ ಒಂದು ಗೆರೆ ಎಳೆದೆ.

"ನೋಡ್ರಪ್ಪ, ಈ ಕಡೆ ಚಾಲ್ತಿ ಖಾತೆ. ಬಾಗಿಲ ಹಿಂದೆ ನೇತುಹಾಕಿರೋ ಚೀಲ ಇದ್ದ ಹಾಗೆ. ಅಂಗಡಿ ಇಟ್ಟೋರು ಸಾಮಾನಿಗೆ, ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಅಂತ ದಿನಾ ಕೈ ಹಾಕೋದು, ತೆಗೆಯೋದು. ಎಷ್ಟು ಚೆಕ್ ಬೇಕಾದ್ರೂ ಬರೀಬಹುದು, ಆದ್ರೆ ಬಡ್ಡಿ ಬರಲ್ಲ. ಆ ಕಡೆ ಉಳಿತಾಯ ಖಾತೆ. ಅದು ಅಟ್ಟದ ಮೇಲಿನ ಡಬ್ಬ. ಸುಮ್ಸುಮ್ನೆ ಕೈ ಹಾಕ್ಬಾರ್ದು. ಹಾಗೇ ಬಿಟ್ರೆ ಬ್ಯಾಂಕಿನವರು ಅದಕ್ಕೆ ಬಡ್ಡಿ ಸೇರಿಸ್ತಾರೆ."

ಮುಂದಿನ ಬೆಂಚಿನ ಹಲ್ಲುಬ್ಬ ಕೈ ಎತ್ತಿದ. "ನಾನಿಟ್ಟ ನೋಟನ್ನೇ ವಾಪಸ್ ಕೊಡ್ತೀರಾ ಮೇಡಂ? ಅದ್ರ ಮೇಲೆ ಮೀಸೆ ಬರೆದಿದೀನಿ."

"ಅದೇ ನೋಟು ಬರಲ್ಲ ಮಾರಾಯ, ಅಷ್ಟೇ ದುಡ್ಡು ಬರುತ್ತೆ. ನೋಟಿಗೆಲ್ಲ ಮೀಸೆ ಬರೆಯೋರಿಗೆ ಬೈಗುಳನೂ ಬರುತ್ತೆ."

ಕ್ಲಾಸು ಗೊಳ್ಳೆಂದಿತು. ಅವಳ ತುಟಿಯ ಒಂದು ಮೂಲೆ ಮೇಲೇರಿ ತಕ್ಷಣ ಇಳಿಯಿತು. ನನಗೆ ಅಷ್ಟು ಸಿಕ್ಕಿದ್ದೇ ಹಬ್ಬವಾಯಿತು.

ಆಮೇಲೆ ಬ್ಯಾಂಕ್ ಆಟ. ಅವರ ಕ್ಲಾಸ್ ಟೀಚರ್ ಎರಡು ಬೆಂಚುಗಳನ್ನು ಅಡ್ಡ ಹಾಕಿ ಎರಡು ಕೌಂಟರ್ ಮಾಡಿದರು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಕ್ಲಾಸ್ ಮಾನಿಟರ್ ಹುಡುಗಿ. ಮಕ್ಕಳು ಕಾಗದದ ನೋಟು ಹಿಡಿದು ಬಂದು, ಯಾವ ಖಾತೆಗೆ, ಯಾಕೆ ಅಂತ ಹೇಳಬೇಕು. ಟೀಚರ್ ಎಲ್ಲರನ್ನೂ ಎರಡು ಸಾಲು ಮಾಡಿ ನಿಲ್ಲಿಸಿದರು. ನನ್ನ ಮಗಳು ನನ್ನ ಸಾಲಿಗೆ ಬಂದಳು.

"ಹೆಸರು? ಯಾವ ಖಾತೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಒಬ್ಬ ಪುಣ್ಯಾತ್ಮ ದಿನಾ ಐಸ್‌ಕ್ಯಾಂಡಿ ಬೇಕು ಎಂದು ಚಾಲ್ತಿಗೇ ಎಲ್ಲ ಸುರಿದ. ಸಾಲು ಕರಗುತ್ತಾ ಬಂತು. ಹೆತ್ತ ಮಗಳ ಮುಖ ನೋಡಿ "ಹೆಸರೇನು" ಎಂದು ಹೇಗಪ್ಪಾ ಕೇಳುವುದು? ಕೇಳದಿದ್ದರೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಗೊತ್ತಾಗುವುದು ಅವಳಿಗೆ ಬೇಡವಾಗಿದ್ದರೆ?

ಅವಳ ಸರದಿ ಬಂತು. ಮೊದಲ ಸಲ ನೇರವಾಗಿ ನನ್ನನ್ನು ನೋಡಿದಳು. ಆಮೇಲೆ ಸರಕ್ಕನೆ ಸಾಲು ಬಿಟ್ಟು ಮಾನಿಟರ್ ಮುಂದಿನ ಸಾಲಿನ ಕೊನೆಗೆ ಹೋಗಿ ನಿಂತಳು.

ಅಳು ಬರುವ ಕಡೆ ನನಗೆ ಸಿಟ್ಟೇ ಮೊದಲು ಬರುವುದು. "ಯಾಕಮ್ಮ, ಈ ಕೌಂಟರ್ ಏನು ಕಚ್ಚುತ್ತಾ?" ಎಂದುಬಿಟ್ಟೆ. ಮಕ್ಕಳು ನಕ್ಕರು. ಅವಳು ನೆಲ ನೋಡಿದಳು. ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ ನಾನು!

"ಅಲ್ಲೇ ಖಾಲಿ ಇದ್ಯಲ್ಲೇ, ಹೋಗು," ಎಂದರು ಟೀಚರ್.

"ಅವರು ನನ್ನ ಅಕೌಂಟ್ ಮುಟ್ಟೋ ಹಾಗಿಲ್ಲ ಮಿಸ್," ಎಂದಳು. ದನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ. "ತಮ್ಮ ಮನೆಯವ್ರ ಅಕೌಂಟ್ ಆದ್ರೆ ಪಕ್ಕದ ಕೌಂಟರಿನವ್ರೇ ಮಾಡ್ಬೇಕು. ಅದು ರೂಲ್ಸು."

ಮಾನಿಟರ್ ಕಿವಿಯಿಂದ ಪೆನ್ನು ತೆಗೆದಳು. "ಮನೆಯವ್ರಾ? ಇವ್ರು ನಿಂಗೇನಾಗ್ಬೇಕೇ?"

"ಅಮ್ಮ."

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಅವಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಬ್ಯಾಂಕಿನಲ್ಲಿ ನನ್ನ ಸ್ಟೂಲಿನ ಪಕ್ಕ ಕೂತಿರುತ್ತಿದ್ದಳು. ಅವಳ ಚಿಲ್ಲರೆಯನ್ನು ಅವಳ ಖಾತೆಗೆ ಹಾಕುವಾಗ ನಾನು ಎದ್ದು ದೂರ ನಿಂತರೆ, "ನೀನೇ ಮಾಡು, ನೀನೇ ಮಾಡು" ಎಂದು ರಂಪ ಮಾಡುತ್ತಿದ್ದಳು. ಮನೆಯವರ ಖಾತೆ ನಾನು ಮುಟ್ಟಬಾರದು ಕಂದ, ಪಕ್ಕದ ಕೌಂಟರಿನವರೇ ಮಾಡಬೇಕು ಎಂದು ಎಷ್ಟು ಸಲ ಹೇಳಿದ್ದೆನೋ. ಮರೆತಿಲ್ಲ. ನನ್ನದು ಏನನ್ನೂ ಮರೆತಿಲ್ಲ ನನ್ನ ಬಂಗಾರ.

ಓಡಿಹೋಗಿ ತಬ್ಬಿಕೊಳ್ಳಬೇಕೆಂದು ಜೀವ ಹಾತೊರೆಯಿತು. ಬೆಂಚು ಬಿಟ್ಟು ಎದ್ದೆ. ಎದ್ದು ಹಿಂದಕ್ಕೆ ಸರಿದು ಗೋಡೆಗೆ ಒರಗಿ ನಿಂತೆ. ಅವಳು ತಲೆ ಎತ್ತಿ, ನಾನು ಸರಿಯಾಗಿ ದೂರ ನಿಂತಿದ್ದೇನೆಯೋ ಇಲ್ಲವೋ ಎಂದು ನೋಡಿದಳು. ಅವಳ ಕಣ್ಣು ತುಂಬಿತ್ತು. ಮಾನಿಟರ್ ಮಹಾರಾಯ್ತಿ ಮಾತ್ರ ಸಾಲಿನಲ್ಲಿದ್ದವರ ಹೆಸರಿನ ಒಂದೊಂದೇ ಅಕ್ಷರವನ್ನು ಪುಸ್ತಕದಲ್ಲಿ ಕೊರೆಯುತ್ತಾ ಕೂತಿದ್ದಳು.

"ಬೇಗ ಬರಿಯೇ ತಾಯಿ," ಎಂದೆ. "ಅವಳದ್ದು ಮುಗಿಯೋ ತನಕ ನಾನು ಆ ಕಡೆ ಬರೋ ಹಾಗಿಲ್ಲ."