ಹಾಲೋ ನೀರೋ

ಡ್ರಿಲ್ ಮಾಸ್ತರನಿಗೆ ಕಳ್ಳಿ ಕಂಡರೆ ಸಾಕು, ಕೈ ತಾನಾಗಿ ಜೇಬಿನ ಚಾಕುವಿಗೆ ಹೋಗುತ್ತಿತ್ತು. ಕಚಕ್ಕೆಂದು ಒಂದು ಗೀರು. ಬೆಳ್ಳಗೆ ಹಾಲು ಒಸರಿದರೆ ಹಾಲುಗಳ್ಳಿ, ಬರೀ ನೀರು ಜಿನುಗಿದರೆ ಪಾಪಾಸುಕಳ್ಳಿ. ಬೆಟ್ಟಗುಡ್ಡದ ಕಳ್ಳಿಗಳನ್ನು ಗುರುತು ಹಿಡಿಯುವ ವಿದ್ಯೆ ಇಷ್ಟರಲ್ಲೇ ಮುಗಿಯಿತು ಎಂದು ಅವನು ನಂಬಿದ್ದ. ನಂಬಿ ಸುಮ್ಮನಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಆದರೆ ಎದುರಿಗೆ ಸಿಕ್ಕವರಿಗೆಲ್ಲ ಬೋಧಿಸುತ್ತಿದ್ದ.

ಎಲ್ಲರಿಗಿಂತ ಹೆಚ್ಚು ಸಿಕ್ಕುತ್ತಿದ್ದವನು ಅವನ ಹೆಂಡತಿಯ ತಮ್ಮ. ಮಿಕ್ಸಿ ರಿಪೇರಿ ಅವನ ಕಸುಬು, ಹಾಗಾಗಿ ಹೆಸರೂ ಮಿಕ್ಸಿ ಎಂದೇ ಆಗಿಹೋಗಿತ್ತು. ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಮಲಗು, ಕೆಳಗಿಳಿದು ಅಕ್ಕ ಹಾಕಿದ್ದು ತಿನ್ನು, ಭಾವ ಹೇಳಿದ್ದಕ್ಕೆ ತಲೆಯಾಡಿಸು. ಭಾನುವಾರ ಬಂದರೆ ಭಾವ ಭಾಮೈದ ಇಬ್ಬರೂ ಚೀಲ ಹೆಗಲಿಗೇರಿಸಿ ಬೆಟ್ಟಕ್ಕೆ ಹೊರಡುತ್ತಿದ್ದರು.

"ಕಳ್ಳಿ ಹುಡುಕೋಕೆ ಹೋಗ್ತಾರಮ್ಮ ಇಬ್ಬರೂ," ಎಂದು ಅಕ್ಕ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು. "ಇಷ್ಟು ವರ್ಷದಲ್ಲಿ ನನ್ನ ತಮ್ಮನ್ನ ಕಟ್ಟಿಕೊಳ್ಳೋ ಕಳ್ಳಿ ಒಬ್ಬಳೂ ಸಿಗಲಿಲ್ಲ ನೋಡು."

ಗಿಡ ಕುಯ್ಯುವುದು ಮಿಕ್ಸಿಗೆ ಆಗಿಬರುತ್ತಿರಲಿಲ್ಲ. ಮೋಟಾರಿನ ಕಾರ್ಬನ್ ಬ್ರಷ್ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲೇ ಅವನು ಮುಳ್ಳಿನ ಬುಡ ನೋಡುತ್ತಿದ್ದ. ಪಾಪಾಸುಕಳ್ಳಿಯಾದರೆ ಮುಳ್ಳು ಏಳುವಲ್ಲಿ ಹತ್ತಿ ಉಂಡೆಯಂಥ ಪುಟ್ಟ ಗದ್ದಿಗೆ ಇರುತ್ತದೆ. ಹಾಲುಗಳ್ಳಿಗೆ ಅದು ಇರುವುದಿಲ್ಲ. ಇದನ್ನು ಅವನು ಪುಸ್ತಕ ಓದಿ ಕಲಿತಿದ್ದ. ಹಾಗೆಂದು ಅವನೇನು ಮಹಾ ಪಂಡಿತನಲ್ಲ. ಒಮ್ಮೆ ಹೋಟೆಲಿನ ಗೇಟಿನ ಬಳಿಯಿದ್ದ ಗಿಡವನ್ನು ರಸ್ತೆಯ ಈಚೆಯಿಂದ ಫೋಟೋ ತೆಗೆದು, ಊರಿನ ಕಳ್ಳಿ ಹುಚ್ಚಿನವರು ಸೇರಿ ಕಟ್ಟಿಕೊಂಡಿದ್ದ ಕಳ್ಳಿಕೂಟದ ಸಭೆಯಲ್ಲಿ ತೋರಿಸಿ, ಉದ್ದನೆಯ ಹೆಸರೊಂದನ್ನು ಹೇಳಿದ್ದ. ಅದು ಪ್ಲಾಸ್ಟಿಕ್ ಗಿಡ. ಕೂಟ ಸೇರುತ್ತಿದ್ದುದು ಔಷಧಿ ಅಂಗಡಿಯ ಮಹಡಿಯಲ್ಲಿ. ಅವತ್ತಿನ ನಗೆ ಕೆಳಗೆ ಮಾತ್ರೆ ಕೊಳ್ಳುತ್ತಿದ್ದವರಿಗೂ ಕೇಳಿಸಿತ್ತಂತೆ. ಅಂದಿನಿಂದ ಪ್ರತಿ ಸಭೆಯಲ್ಲೂ ಭಾವ ಆ ಕಥೆ ತೆಗೆಯದೆ ಬಿಡುತ್ತಿರಲಿಲ್ಲ. "ನಮ್ಮ ಮಿಕ್ಸಿ ಹೇಳಿದರೆ ಮುಗೀತು. ನೀರು ಹಾಕಿ ನೋಡಿ, ಬೆಳೀದಿದ್ರೆ ಪ್ಲಾಸ್ಟಿಕ್ಕು!"

ಮಿಕ್ಸಿಗೆ ಬೇಕಿದ್ದುದು ಒಂದೇ. ಆ ಕೂಟದ ಎದುರು, ಆ ಬಾಯಿಂದ, ಒಂದು ಸಲ "ನೀನು ಹೇಳಿದ್ದೇ ಸರಿ" ಎನ್ನಿಸಿಕೊಳ್ಳಬೇಕು. ಬರೀ ಅಷ್ಟು.

ಅದಕ್ಕೆ ತಕ್ಕ ಗಿಡ ಸಿಕ್ಕಿತು. ಕಲ್ಲು ಕ್ವಾರಿಯ ಹಿಂದಿನ ಇಳಿಜಾರಿನಲ್ಲಿ, ಬಂಡೆಯ ಬಿರುಕಿನೊಳಗೆ, ನಿಂಬೆಹಣ್ಣಿನ ಗಾತ್ರದ ಉಂಡೆ. ಒಂದೇ ಒಂದು ಮುಳ್ಳಿಲ್ಲ. ಮೈತುಂಬ ಏಣು, ಏಣಿನ ಮೇಲೆ ದಾರ ಹಾಕಿ ಹೊಲಿದಂಥ ಚುಕ್ಕೆಗಳು. ಇಡೀ ಬೆಟ್ಟ ತಡಕಿದರೂ ಅದರ ಜೊತೆಗಾರ ಇನ್ನೊಂದು ಸಿಗಲಿಲ್ಲ. ಕೂಟದ ಅಧ್ಯಕ್ಷೆಗೆ ಫೋಟೋ ತೋರಿಸಿದ. ಆಕೆ ಕನ್ನಡಕ ಏರಿಸಿ, ಇಳಿಸಿ, "ಇದು ನಾನು ನೋಡಿದ್ದಲ್ಲಪ್ಪ. ಹೂ ಬಿಡಲಿ. ಹೂ ನೋಡದೆ ಹೆಸರು ಹೇಳೋಕಾಗಲ್ಲ. ಅಲ್ಲೀವರೆಗೆ ಯಾರೂ ಮುಟ್ಟಬಾರದು," ಎಂದಳು.

ಮಿಕ್ಸಿ ತಿಂಗಳುಗಟ್ಟಲೆ ಭಾವನ ಎದುರು ಬಾಯಿಗೆ ಬೀಗ ಹಾಕಿಕೊಂಡಿದ್ದ. ಕೊನೆಗೆ ತಲೆಯ ಮೇಲೆ ಸಾಸಿವೆ ಕಾಳಿನಂಥ ಮೊಗ್ಗು ಕಂಡಾಗ ತಡೆಯಲಾಗಲಿಲ್ಲ. ಹಾಳು ಆಸೆ. ಭಾವನನ್ನು ತಾನೇ ಕರೆದುಕೊಂಡು ಹೋದ.

"ಇದಾ?" ಭಾವ ಬಂಡೆಯ ಮೇಲೆ ಕುಕ್ಕರಿಸಿದ. ಸುಡುವ ಬಿಸಿಲು. ಬೆವರು ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು. "ಇದಕ್ಕಾ ನನ್ನ ಮೊಣಕಾಲು ಸವೆಸಿದ್ದು? ಪಾಪಾಸುಕಳ್ಳಿ ಕಣೋ. ಮುಳ್ಳು ಉದುರಿಹೋಗಿದೆ. ನಿನ್ನ ತಲೆ ಹಾಗೆ."

"ಮುಳ್ಳಿನ ಗದ್ದಿಗೇನೇ ಇಲ್ಲ ಭಾವ. ಈ ಕನ್ನಡಿಯಲ್ಲಿ ನೋಡಿ. ಇದು ಹಾಲುಗಳ್ಳಿ ಜಾತಿ. ಮೊಗ್ಗು ಬಂದಿದೆ. ಹೂ ಬಿಡೋವರೆಗೂ ಕಾಯೋಣ."

"ಕಾಯೋಕೆ ಇದೇನು ಹೆರಿಗೆ ವಾರ್ಡಾ?"

"ಭಾವ, ಬೇಡಿ. ದಮ್ಮಯ್ಯ. ಇರೋದು ಒಂದೇ."

ಅಷ್ಟರಲ್ಲಿ ಚಾಕು ಆಡಿಯಾಗಿತ್ತು. ಗೀರಲಿಲ್ಲ, ಅಡ್ಡಡ್ಡ ಸೀಳಿದ, ಎರಡು ಹೋಳು. ಮೇಲಿನ ಹೋಳು ಮೊಗ್ಗಿನ ಸಮೇತ ಅವನ ಅಂಗೈಗೆ ಬಂತು.

ಭಾವನ ಬೆನ್ನು ಮಿಕ್ಸಿಯ ಕಡೆಗಿತ್ತು. ಆ ಬೆನ್ನು ಒಂದು ಕ್ಷಣ ಸೆಟೆದುಕೊಂಡಿತು. ಆಮೇಲೆ ಹೆಬ್ಬೆರಳು ಸರಸರ ಆಡಿತು, ಒರೆಸಿತು, ಮತ್ತೆ ಒರೆಸಿತು. ತಿರುಗಿ ಹೋಳನ್ನು ದೂರದಿಂದ ಹಿಡಿದು ತೋರಿಸಿದ. "ನೋಡು. ಎಲ್ಲಿದೆ ಹಾಲು? ನೀರು! ನಾನು ಹೇಳಲಿಲ್ವಾ?" ಎಂದವನೇ ಮುಷ್ಟಿ ಮುಚ್ಚಿದ.

ಬೆರಳ ಸಂದಿಯಲ್ಲಿ ಬೆಳ್ಳಗೆ ಇಳಿಯುತ್ತಿದ್ದುದು ಮಿಕ್ಸಿಗೆ ಚೆನ್ನಾಗಿಯೇ ಕಾಣಿಸಿತು. ಮೈಯ ರಕ್ತವೆಲ್ಲ ತಲೆಗೇರಿತು. ಭಾವ ಹಲ್ಲು ಕಿರಿದ. ಹೋಳನ್ನು ಬಂಡೆಯಾಚೆ ಎಸೆದ. ಗೆದ್ದವನ ಠೀವಿಯಲ್ಲಿ ಹಣೆಯ ಬೆವರು ಒರೆಸಿದ, ಅದೇ ಕೈಯಲ್ಲಿ ಎರಡೂ ಕಣ್ಣು ಉಜ್ಜಿಕೊಂಡ.

ಕೂಗು ಕ್ವಾರಿಯ ಗೋಡೆಗೆ ಬಡಿದು ವಾಪಸು ಬಂತು.

"ನೀರು! ಲೋ, ನೀರು ಹಾಕೋ! ಕಣ್ಣು ಹೋಯ್ತು!"

ಚೀಲದಲ್ಲಿ ಅಕ್ಕ ತುಂಬಿಸಿಕೊಟ್ಟ ಬಾಟಲಿಯಿತ್ತು. ಮಿಕ್ಸಿ ಅದನ್ನು ಹೊರಗೆ ತೆಗೆದ. ತೆಗೆದು, ಮುಚ್ಚಳದ ಮೇಲೆ ಕೈಯಿಟ್ಟು, ಕೂತ.

"ಯಾಕೆ ಭಾವ, ಏನಾಯ್ತು? ಬೆವರು ಹೋಗಿರಬೇಕು."

"ಬೆವರಲ್ಲ ಕಣೋ, ಉರಿ! ಬೆಂಕಿ!"

"ಬರೀ ನೀರು ಅಂದ್ರಲ್ಲ ಈಗ. ಪಾಪಾಸುಕಳ್ಳಿ ನೀರಿಗೆ ಕಣ್ಣು ಉರಿಯಲ್ಲ. ಏನು ಗಿಡ ಅದು, ಹೇಳಿ."

"ನಿನ್ನ ಮನೆ ಹಾಳಾಗ! ನೀರು ಕೊಡೋ!"

"ಗಿಡದ ಹೆಸರು ಹೇಳಿ ಭಾವ."

"ಪಾಪಾಸುಕಳ್ಳಿ ಕಣೋ, ನಾಯಿ!"

ನೋಡಿ, ಆ ಮನುಷ್ಯನ ಹಟ. ಕಣ್ಣು ಬೇಯುತ್ತಿದೆ, ಆದರೂ ಪಟ್ಟು ಬಿಡಲಿಲ್ಲ. ಮಿಕ್ಸಿಯೂ ಬಿಡಲಿಲ್ಲ. ಭಾವ ಮಂಡಿಯೂರಿ ತಡಕಾಡಿದ, ಬಂಡೆಗೆ ಹಣೆ ಗಟ್ಟಿಸಿಕೊಂಡ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಗದರುತ್ತಿದ್ದ ಬಾಯಿಂದ ಜೊಲ್ಲು ಸುರಿಯಿತು. ಮಿಕ್ಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಕೈಗೆ ಸಿಗದ ಹಾಗೆ. ಸುಳ್ಳು ಯಾಕೆ, ಅವನಿಗೆ ಅದು ಹಿತವಾಗಿತ್ತು. ವರ್ಷಗಟ್ಟಲೆ ತಿಂದ ಅನ್ನವೆಲ್ಲ ಈಗ ಅರಗಿದ ಹಾಗಿತ್ತು. ಎಷ್ಟು ಹೊತ್ತು ಕೂತಿದ್ದನೋ ಆಮೇಲೆ ಅವನಿಗೆ ಲೆಕ್ಕ ಸಿಗಲಿಲ್ಲ.

"ಹಾಲು," ಎಂದ ಭಾವ ಕೊನೆಗೆ. ದನಿ ಸೋತು ಸಣ್ಣಗಾಗಿತ್ತು. "ಹಾಲು ಬಂತು. ಹಾಲುಗಳ್ಳಿ."

"ಯಾರು ಹೇಳಿದ್ದು ಸರಿ?"

"ನೀನು. ನೀನು ಹೇಳಿದ್ದೇ ಸರಿ ಕಣಪ್ಪ. ಹಾಕೋ."

ಮಿಕ್ಸಿ ಮುಚ್ಚಳ ತಿರುಗಿಸಿದ. ಸುರಿದ ಭರಕ್ಕೆ ಅರ್ಧ ನೀರು ಕಿವಿಗೆ ಹೋಯಿತು. ಕೇಳಬೇಕಾದ ಮಾತು ಕೇಳಿಯಾಗಿತ್ತು, ಆದರೆ ಕೇಳಿದ್ದು ಅವನೂ ಬಂಡೆಯೂ ಮಾತ್ರ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಮುಖ ನೋಡಿ ಮಾತಾಡುವವಳಲ್ಲ. ಟಾರ್ಚ್ ಬಿಟ್ಟು ನೋಡಿದಳು, ಮತ್ತೆ ನೋಡಿದಳು. "ಬಲಗಣ್ಣು ಹೋದ ಹಾಗೇ. ಎಡಗಣ್ಣಲ್ಲಿ ಮಂಜು ಮಂಜಾಗಿ ಕಂಡರೆ ಪುಣ್ಯ. ಹಾಲು ಬಿದ್ದ ತಕ್ಷಣ ತೊಳೆದಿದ್ರೆ ಎರಡೂ ಉಳೀತಿತ್ತು. ಯಾಕೆ ತೊಳೀಲಿಲ್ಲ?"

ಅಕ್ಕ ಗಕ್ಕನೆ ತಮ್ಮನ ಕಡೆ ತಿರುಗಿದಳು. "ಹೌದು, ಯಾಕೆ ತೊಳೀಲಿಲ್ಲ? ಬಾಟ್ಲಿ ತುಂಬಿಸಿ ನಿನ್ನ ಚೀಲಕ್ಕೆ ನಾನೇ ಹಾಕಿದ್ದೆನಲ್ಲೋ!"

ಮಿಕ್ಸಿ ಹೆಗಲ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಚೆಲ್ಲಿಹೋಯ್ತು ಕಣೇ," ಎಂದ ಭಾವ. ಎರಡು ಕಣ್ಣಿಗೂ ಪಟ್ಟಿ ಕಟ್ಟಿತ್ತು, ಬಾಯಿ ಮಾತ್ರ ಕಾಣುತ್ತಿತ್ತು. "ಹತ್ತುವಾಗ ಮುಚ್ಚಳ ಸಡಿಲ ಆಗಿತ್ತು. ಪಾಪ, ಇವನು ಕ್ವಾರಿವರೆಗೂ ಓಡಿಹೋಗಿ ನೀರು ತಂದ."

ಮಿಕ್ಸಿಯ ಎದೆ ಕರಗಿತು. ಕಣ್ಣು ಕಳೆದವನೇ ತನ್ನ ಮಾನ ಕಾಯುತ್ತಿದ್ದಾನೆ! ಭಾವನ ಕಾಲು ಹಿಡಿದುಕೊಳ್ಳೋಣ ಎಂದು ಮಂಚದ ಕೊನೆಗೆ ಹೋದ. ಅಷ್ಟರಲ್ಲಿ ಭಾವ ಮುಂದುವರಿಸಿದ.

"ನಾನು ಮೊದಲೇ ಅಂದೆ, ಇದು ಹಾಲುಗಳ್ಳಿ, ಮುಟ್ಟೋದು ಬೇಡ ಅಂತ. ಇವನೇ ಕೇಳಲಿಲ್ಲ. ಪಾಪಾಸುಕಳ್ಳಿ, ಕುಯ್ದು ನೋಡಿ ಭಾವ, ಕುಯ್ದು ನೋಡಿ ಅಂತ ಒಂದೇ ಹಟ. ಅಲ್ವೇನೋ?"

ಪಟ್ಟಿ ಕಟ್ಟಿದ ಮುಖ ಮಿಕ್ಸಿಯ ಕಡೆಗೇ ತಿರುಗಿ ಕಾಯುತ್ತಿತ್ತು. ಇಲ್ಲ ಎಂದರೆ ಬಾಟಲಿಯ ಕಥೆ ಹೊರಗೆ ಬೀಳುತ್ತದೆ. ಅಕ್ಕನ ಎರಡು ಕಣ್ಣು ಅವನ ಮೇಲಿದ್ದವು.

"ಹೌದಕ್ಕ," ಎಂದ. "ನನ್ನದೇ ತಪ್ಪು."

ಅಕ್ಕ ಅವನ ಕೆನ್ನೆಗೆ ಬಾರಿಸಿದಳು. ಡಾಕ್ಟರಮ್ಮ ಇಬ್ಬರನ್ನೂ ಹೊರಗೆ ಹಾಕಿದಳು.

ಮುಂದಿನ ಸಭೆಗೆ ಭಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಇಡೀ ಕೂಟ ಎದ್ದು ನಿಂತಿತು. ಯಾರೋ ಕುರ್ಚಿ ಒರೆಸಿದರು, ಯಾರೋ ಚಹಾ ಆರಿಸಿ ಕೈಗೆ ಕೊಟ್ಟರು. ಹೂ ಬಿಡದೆ ಸತ್ತ ಗಿಡಕ್ಕೆ ಹೆಸರಿಡಲಾಗದು ಎಂದು ಅಧ್ಯಕ್ಷೆ ಕಣ್ಣೀರು ಹಾಕಿದಳು. ಆದರೂ ಬರೀ ಕಣ್ಣಲ್ಲಿ ನೋಡಿಯೇ ಹಾಲುಗಳ್ಳಿ ಎಂದು ಗುರುತಿಸಿದ ಮಾಸ್ತರರ ಜ್ಞಾನವನ್ನು ಹೊಗಳಿದಳು. ಮಿಕ್ಸಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕದ ಎರಡು ಕುರ್ಚಿಗಳು ಖಾಲಿಯಿದ್ದವು.

ಭಾನುವಾರ ಬೆಳಿಗ್ಗೆ ಮಹಡಿಯ ಮೆಟ್ಟಿಲ ಬುಡದಿಂದ ಕೂಗು ಬಂತು. ಭಾವ ಬೂಟು ಹಾಕಿ, ಟೋಪಿ ಇಟ್ಟು, ಕೈ ಮುಂದೆ ಚಾಚಿ ನಿಂತಿದ್ದ. ಮಿಕ್ಸಿ ಇಳಿದುಬಂದು ಆ ಕೈ ಹಿಡಿದ. ಭಾವ ಅದನ್ನು ಬಿಗಿಯಾಗಿ ಅದುಮಿ, ಕಿವಿಯ ಹತ್ತಿರ ಬಾಯಿ ತಂದ.

"ಗಿಡ ಸಿಕ್ಕಿದಾಗ ಏನು ಕಾಣುತ್ತೋ ಅಷ್ಟು ಹೇಳು. ಹೆಸರು ನಾನು ಹೇಳ್ತೀನಿ."