ಕುರ್ಚಿಯಿಲ್ಲದ ಮೀಟಿಂಗು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸಾಫ್ಟ್‌ವೇರ್ ಕಚೇರಿಯಲ್ಲಿ ಅತ್ತೆ ಯಾರು ಅಂತೀರಾ? ಟೀಮ್ ಲೀಡ್! ದಿನಾ ಬೆಳಿಗ್ಗೆ ತಂಡದವರನ್ನೆಲ್ಲ ವೈಟ್‌ಬೋರ್ಡಿನ ಮುಂದೆ ನಿಲ್ಲಿಸಿ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ ಎಂದು ಕೇಳುವ ಸ್ಟ್ಯಾಂಡಪ್ ಮೀಟಿಂಗಿಗೆ ಅವನೇ ಯಜಮಾನ. ನಿಂತರೆ ಮಾತು ಬೇಗ ಮುಗಿಯುತ್ತದೆ ಎಂದೇ ಆ ಏರ್ಪಾಡು. ಈ ಮಹಾರಾಯ ಮಾತ್ರ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಹೆಡ್‌ಮಾಸ್ಟರ್ ಎನ್ನುತ್ತಿದ್ದರು.

ಹೋದ ವರ್ಷ ನಮ್ಮ ಪ್ರೋಗ್ರಾಮರಮ್ಮ ತುಂಬು ಬಸುರಿ. ಊದಿದ ಕಾಲಿಗೆ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. "ಸಾರ್, ಒಂದು ಕುರ್ಚಿ ಹಾಕ್ಕೊಳ್ಳಲಾ?" ಎಂದು ಕೇಳಿದಳು.

"ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರಮ್ಮ. ನಿಯಮ ಅಂದ್ರೆ ನಿಯಮ," ಎಂದ. ಯಾರೋ ಕಿಸಕ್ಕನೆ ನಕ್ಕರು.

ಅದೇ ವಾರ, ಅವನ ಭಾಷಣದ ನಡುವೆ ಕಣ್ಣು ಕತ್ತಲಿಟ್ಟು ಅವಳು ಧೊಪ್ಪನೆ ಬಿದ್ದಳು. ಮಗು ಉಳಿದದ್ದು ಅವಳ ಪುಣ್ಯ. ಆಸ್ಪತ್ರೆಯ ಮಂಚದಲ್ಲಿ ಅದರ ಎದೆಬಡಿತ ಕೇಳಿಸುವವರೆಗೆ ಅವಳು ಪಟ್ಟ ಸಂಕಟ ಶತ್ರುವಿಗೂ ಬೇಡ. ಅಲ್ಲ, ಒಬ್ಬ ಶತ್ರುವಿಗೆ ಬೇಕೇ ಬೇಕು ಎಂದು ಅವಳು ಅಲ್ಲೇ ಹಲ್ಲು ಕಚ್ಚಿದಳು. ಅವನು ಎಲ್ಲರೆದುರು ಬಾಯಿಬಿಟ್ಟು ಕುರ್ಚಿ ಬೇಡಬೇಕು, ತಾನು ಇಲ್ಲ ಅನ್ನಬೇಕು. ಇಷ್ಟೇ ಅವಳ ಆಸೆ.

ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಮೀಟಿಂಗ್ ನಡೆಸುವ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರತೊಡಗಿತ್ತು. ಅವಳ ಸರದಿಯ ದಿನವೇ ನೋಡಿ, ಹೆಡ್‌ಮಾಸ್ಟರ್ ಸೊಂಟ ಉಳುಕಿ, ಬೆಲ್ಟ್ ಬಿಗಿದುಕೊಂಡು ಕುಂಟುತ್ತಾ ಬಂದ. ದೇವರು ಇದ್ದಾನಪ್ಪಾ!

ಮೀಟಿಂಗ್ ಎಳೆಯಲೆಂದೇ ಅವಳು ಒಬ್ಬೊಬ್ಬರನ್ನೂ ಕೆದಕಿ ಕೆದಕಿ ಕೇಳಿದಳು. ಅವನ ಹಣೆಯಲ್ಲಿ ಬೆವರೊಡೆಯಿತು.

"ನಿಲ್ಲಕ್ಕಾಗ್ತಿಲ್ಲಮ್ಮ. ಒಂದು ಕುರ್ಚಿ ಕೊಡ್ಸಮ್ಮ," ಎಂದ ಕೊನೆಗೆ.

"ನಿಯಮ ಅಂದ್ರೆ ನಿಯಮ ಸಾರ್."

ಆಹಾ, ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ! ಅದು ಗಂಟಲಿಳಿಯುವ ಮೊದಲೇ, ಅವಳನ್ನು ಬಾಯ್ತುಂಬ ತಂಗಿ ಎನ್ನುತ್ತಿದ್ದ ಟೆಸ್ಟಿಂಗ್ ವಿಭಾಗದ ಅಕ್ಕ ಓಡಿಹೋಗಿ ಕುರ್ಚಿ ಎಳೆತಂದಳು. ಇನ್ನಿಬ್ಬರು ಅವನ ರಟ್ಟೆ ಹಿಡಿದು ಮೆಲ್ಲಗೆ ಕೂರಿಸಿದರು.

"ಏನೇ, ಕಲ್ಲು ಮನಸ್ಸಾ ನಿಂದು? ನೋವು ತಿನ್ನೋರನ್ನ ನೋಡ್ಕೊಂಡು ಹೇಗೆ ಸುಮ್ನೆ ನಿಂತಿರ್ತೀಯೇ?" ಅಕ್ಕ ಗದರಿದಳು.

"ಅಕ್ಕಾ, ಅವತ್ತು ನಾನು ಬಿದ್ದಾಗ ನೀವೆಲ್ಲಿದ್ರಿ?"

"ನಿನ್ನ ಪಕ್ಕದಲ್ಲೇ ಇದ್ನಲ್ಲೇ," ಎಂದುಬಿಟ್ಟಳು ಅಕ್ಕ. ಆಮೇಲೆ ನೆಲ ನೋಡಿದಳು.

ಪ್ರೋಗ್ರಾಮರಮ್ಮನಿಗೆ ಮೈಯೆಲ್ಲ ಉರಿಯಿತು. ಕುರ್ಚಿ ತರಲು ಕೈಕಾಲು ಗಟ್ಟಿಯಿದ್ದವರು ಅವತ್ತೂ ಇಷ್ಟೊಂದು ಜನ ಇದ್ದರು. ತಾನು ಮಾತ್ರ ವರ್ಷವಿಡೀ ಸಿಟ್ಟನ್ನೆಲ್ಲ ಒಬ್ಬನ ಮೇಲೇ ಸುರಿದು ದಂಡ ಮಾಡಿದ್ದಳು.

"ನೀವು ಆರಾಮಾಗಿ ಕೂತಿರಿ ಸಾರ್," ಎಂದು ಅವಳು ಮಿಕ್ಕವರ ಕಡೆ ತಿರುಗಿದಳು. "ಉಳಿದೋರೆಲ್ಲ ನಿಂತಿರಿ. ಮೊದಲಿಂದ ಶುರು ಮಾಡೋಣ. ನೀವೇ ಹೇಳಿ ಅಕ್ಕಾ, ನಿಧಾನವಾಗಿ ಹೇಳಿ. ನನಗೇನೂ ಅವಸರ ಇಲ್ಲ."